ಸಹಿಭಾವ
ನಮ್ಮ ಭಾವನವರಿಗೆ ದೊಡ್ಡವರ ಮಾತು ಬೇಡ, ಸಹಿ ಬೇಕು. ಊರಲ್ಲಿ ಯಾರದೇ ಭಾಷಣವಿರಲಿ, ತಮ್ಮ ಕನ್ನಡಕದಂಗಡಿಯ ಬಾಗಿಲೆಳೆದು ಹೋಗಿ ವೇದಿಕೆಯ ಮೆಟ್ಟಿಲ ಪಕ್ಕದ ಕುರ್ಚಿ ಹಿಡಿಯುತ್ತಾರೆ. ಭಾಷಣ ಶುರುವಾದೊಡನೆ ನಿದ್ದೆ ಹೋಗಿ, ಚಪ್ಪಾಳೆಗೆ ಎದ್ದು, ಮೊಣಕೈಯಲ್ಲೇ ದಾರಿ ಮಾಡಿಕೊಂಡು, "ಒಂದೇ ಒಂದು ಸಹಿ ಸಾರ್, ಪೆನ್ನೂ ನಂದೇ" ಎಂದು ಪುಸ್ತಕ ಒಡ್ಡುತ್ತಾರೆ. "ಬಿಟ್ರೆ ಪಾರ್ಸೆಲ್ ತಂದವನ ಹತ್ರಾನೂ ಸಹಿ ಹಾಕಿಸ್ಕೋತಾರೆ" ಎನ್ನುತ್ತಾಳೆ ಅಕ್ಕ. ಸ್ಟೂಲು ಹತ್ತಿ ಬಲ್ಬು ಬದಲಾಯಿಸಲೂ ಹೆದರುವ ಈ ಭಾವ, ಹೊಸ ವಿಮಾನಗಳನ್ನು ಮೊದಲ ಸಲ ಹಾರಿಸಿ ನೋಡುತ್ತಿದ್ದ ಹೆಸರುವಾಸಿ ಟೆಸ್ಟ್ ಪೈಲಟ್ ಬಂದ ದಿನ ಮಾತ್ರ ರೆಪ್ಪೆ ಮುಚ್ಚಲಿಲ್ಲ. ರೆಕ್ಕೆ ನಡುಗಿದ್ದು, ಆಕಾಶದಲ್ಲೇ ಎಂಜಿನ್ನು ಕೆಟ್ಟದ್ದು ಕೇಳುತ್ತ ನನ್ನ ತೋಳು ಹಿಂಡಿ ಹಿಪ್ಪೆ ಮಾಡಿದರು. ಕೊನೆಗೆ ನೂಕುನುಗ್ಗಲಲ್ಲಿ ಎಲ್ಲರಿಗಿಂತ ಮೊದಲು ಸಹಿಯನ್ನೂ ಗಿಟ್ಟಿಸಿದರು. ಯುದ್ಧ ಗೆದ್ದವರಂತೆ ಹೊರಟವರು ಕೊನೆಯ ಸಾಲಿನ ಬಳಿ ನಿಂತುಬಿಟ್ಟರು. ಅಲ್ಲಿ ಪೈಲಟ್ ಅವರ ಹೆಂಡತಿ ಗಂಡನ ಕೋಟನ್ನು ಮಡಿಲಲ್ಲಿಟ್ಟುಕೊಂಡು ಒಬ್ಬರೇ ಕೂತಿದ್ದರು. ಭಾವ ಪುಸ್ತಕ ಚಾಚಿ, "ಅಮ್ಮಾ, ನಿಮ್ಮದೂ ಒಂದು" ಎಂದರು. "ನಂದ್ಯಾಕಪ್ಪ? ನಾನೇನೂ ಹಾರಿಸ್ಲಿಲ್ವಲ್ಲ" ಎಂದು ಆಕೆ ನಕ್ಕರು. "ಅವರು ಮೇಲಿದ್ದಾಗೆಲ್ಲ ಕೆಳಗೆ ಕಾದಿದ್ದೋರು ನೀವಲ್ವಾ?" ಆಕೆಯ ನಗು ನಿಂತಿತು. ಪೆನ್ನು ತೆಗೆದುಕೊಂಡು, "ಪೂರ್ತಿ ಹೆಸರು ಬರೀಲಾ?" ಎಂದು ಕೇಳಿ, ನಿಧಾನವಾಗಿ ಒಂದೊಂದೇ ಅಕ್ಷರ ಬರೆಯತೊಡಗಿದರು. ಅಷ್ಟರಲ್ಲಿ ಬಂದ ಪೈಲಟ್, ಹೆಂಡತಿಯ ಕೈಚೀಲ ಹಿಡಿದುಕೊಂಡು, ಆಕೆ ಮುಗಿಸುವವರೆಗೂ ಪಕ್ಕದಲ್ಲಿ ನಿಂತು ಕಾದರು.