ಬರೀ ವಿಷದ ಬೋನು

೧೯೯೩ರಲ್ಲಿ ನನ್ನ ಓದು ನಿಂತಿತು, ಒಂಬತ್ತನೇ ತರಗತಿಯ ನಡುವೆ. ಈಗ ನೈರೋಬಿಯ ಔಷಧ ಕಂಪನಿಯೊಂದರಲ್ಲಿ ಪ್ರಯೋಗದ ಇಲಿಗಳೆಲ್ಲ ನನ್ನ ಸುಪರ್ದಿಯಲ್ಲಿವೆ. ಕತ್ತಿನ ಚರ್ಮ ಬಿಗಿಹಿಡಿದು ಹೊಟ್ಟೆಗೆ ಸೂಜಿ ಚುಚ್ಚುವುದರಲ್ಲಿ ನನ್ನನ್ನು ಮೀರಿಸುವವರು ಇಲ್ಲಿಲ್ಲ.

ಕಳೆದ ವರ್ಷ ಚೀನಾದಿಂದ ಒಣ ಗಿಡಮೂಲಿಕೆಯ ಚೀಲಗಳು ಬಂದವು, ಹಾವಿನ ವಿಷಕ್ಕೆ ಮದ್ದೆಂದು. ಅದರ ಕಷಾಯವನ್ನು ಪಫ್ ಆ್ಯಡರ್ ಹಾವಿನ ವಿಷದೊಂದಿಗೆ ಒಂದೇ ಟ್ಯೂಬಿನಲ್ಲಿ ಬೆರೆಸಿ ಒಂದು ಬೋನಿನ ಇಲಿಗಳಿಗೆ ಕೊಟ್ಟೆವು. ಪಕ್ಕದ ಬೋನಿಗೆ ಬರೀ ವಿಷ. ಅವು ಸಾಯಲೇಬೇಕು, ಸತ್ತರೇನೇ ಹೋಲಿಸಿ ನೋಡಲು ಆಗುವುದು.

ನನ್ನ ಕೈಕೆಳಗೆ ಕೆಲಸ ಕಲಿಯಲು ಮೈಸೂರಿನಿಂದ ಬಂದ ಎಂಎಸ್ಸಿ ಹುಡುಗಿಯೊಬ್ಬಳಿದ್ದಳು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಬರೀ ವಿಷದ ಬೋನಿನವಕ್ಕೂ ಕಷಾಯ ಚುಚ್ಚಿಬಿಟ್ಟಿದ್ದಳು. ಸಿರಿಂಜು ಇನ್ನೂ ಕೈಯಲ್ಲೇ ಇತ್ತು.

"ಒದ್ದಾಡ್ತಿದ್ವು ಅಂಕಲ್, ನೋಡಕ್ಕಾಗ್ಲಿಲ್ಲ."

"ಇಲಿಗಳಿಗೆ ತಾಯಿ ಆಗಕ್ಕೆ ವಿಮಾನ ಹತ್ತಿ ಬಂದ್ರಾ ಮೇಡಂ?"

ಸಂಜೆಯೊಳಗೆ ಆ ಬೋನಿನವೆಲ್ಲ ಸತ್ತವು. ಕಷಾಯ ಬೆರೆಸಿದ ವಿಷ ಕೊಟ್ಟಿದ್ದ ಇಲಿಗಳು ಕಾಳು ತಿನ್ನುತ್ತಿದ್ದವು.

"ಹೇಗೂ ಸತ್ವಲ್ಲ, ಸರ್‌ಗೆ ಹೇಳ್ಬೇಡಿ ಅಂಕಲ್. ಕೆಲಸ ಹೋದ್ರೆ ಪರ್ಮಿಟ್ಟೂ ಹೋಗುತ್ತೆ. ಊರಿಗೆ ವಾಪಸ್ ಹೋಗ್ಬೇಕಾಗುತ್ತೆ."

ನನ್ನ ಕೋಣೆಯಲ್ಲಿ ನಡೆದದ್ದನ್ನು ನಾನು ಯಾರಿಗಾಗಿಯೂ ಮುಚ್ಚಿಡುವವನಲ್ಲ. ಅವಳೆದುರಿಗೇ ಮ್ಯಾನೇಜರಿಗೆ ಹೇಳಿದೆ. ಅವರು ಬೈಯಲಿಲ್ಲ, ನಕ್ಕರು.

"ಅಲ್ರೀ, ಹಾವೇನು ವಿಷಕ್ಕೆ ಕಷಾಯ ಬೆರೆಸ್ಕೊಂಡು ಬಂದು ಕಚ್ಚುತ್ತಾ? ಮೊದಲು ವಿಷ, ಆಮೇಲೆ ಮದ್ದು. ನಾವು ಮಾಡ್ಬೇಕಿದ್ದಿದ್ದನ್ನ ಈ ಹುಡುಗಿ ಮಾಡಿದಾಳೆ. ಹಾಗೇ ಇನ್ನೊಂದ್ಸಲ ಮಾಡಿ. ಇಲಿ ಇವಳೇ ಹಿಡೀಲಿ."

ಕೆಲಸ ಉಳಿಯಿತೆಂದುಕೊಂಡು ಅವಳು ಹಿಡಿದಳು. ನಾನು ಚುಚ್ಚಿದೆ. ಮೊದಲು ವಿಷ, ಸ್ವಲ್ಪ ಹೊತ್ತು ಬಿಟ್ಟು ಕಷಾಯ. ಎರಡನೇ ಸೂಜಿಯ ಹೊತ್ತಿಗೆ ಒಂದು ಇಲಿ ಅವಳ ಅಂಗೈಯಲ್ಲೇ ಉಚ್ಚೆ ಹೊಯ್ದು ಸೆಟೆದುಕೊಂಡಿತು. "ಬಿಗಿಯಾಗಿ ಹಿಡ್ಕೊಳಿ ಮೇಡಂ" ಎಂದೆ. ಆ ಸುತ್ತಿನಲ್ಲಿ ಒಂದೂ ಉಳಿಯಲಿಲ್ಲ. ಮೊದಲ ಸುತ್ತಿನಲ್ಲಿ ಬದುಕಿದ್ದ ಇಲಿಗಳನ್ನು, ಪ್ರಯೋಗ ಮುಗಿದ ಮೇಲಿನ ನಿಯಮದಂತೆ, ನಾನೇ ಕೊಂದೆ.

ಮೂಲಿಕೆಯ ಚೀಲಗಳನ್ನು ಮ್ಯಾನೇಜರ್ ಹೊರಗೆ ಹಾಕಿಸಿದರು. ಅದೇ ವಾರ ಅವಳನ್ನೂ ಕಳಿಸಿದರು. ಹೇಳದೆ ಕೇಳದೆ ಸೂಜಿ ಹಾಕುವವರನ್ನು ಇಟ್ಟುಕೊಳ್ಳಲಾಗದು ಎಂದರು. ನನಗೂ ಸರಿಯೆನಿಸಿತು, ಈಗಲೂ ಅನಿಸುತ್ತದೆ.

ಇವತ್ತಿಗೆ ನನಗೆ ನೈರೋಬಿಯ ಲಂಗಾಟಾ ಬಡಾವಣೆಯಲ್ಲಿ ಎರಡು ಕೋಣೆಯ ಮನೆ, ಹೆಂಡತಿ, ಇಬ್ಬರು ಮಕ್ಕಳು, ಒಂದು ಹಳೆಯ ಕಾರು. ಕೆಲಸದಲ್ಲಿ ನಲವತ್ತು ಬೋನು. ಕೈಕೆಳಗೆ ಯಾರೂ ಇಲ್ಲ.