ಉಪ್ಪಿನ ಮಂಡಿಯ ಗೋಡೆ

ದೆವ್ವ, ಗಾಳಿ ಅಂದವರನ್ನು ಗೇಲಿ ಮಾಡಿ ನಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ನಗುವುದನ್ನಂತೂ ಬಿಟ್ಟಿದ್ದೇನೆ.

ಎಪ್ಪತ್ತರ ದಶಕದ ಮೊದಲಲ್ಲಿ ಹುಣಸೂರಿನ ಪೇಟೆಬೀದಿಯ ಹಳೇ ಇಟ್ಟಿಗೆ ಕಟ್ಟಡದಲ್ಲಿ ಸೈಕಲ್ ಶಾಪ್ ಇಟ್ಟಿದ್ದೆ. ಒಂದು ಕಾಲಕ್ಕೆ ಅದು ಉಪ್ಪಿನ ಮಂಡಿ. ಗಾಡಿಗಟ್ಟಲೆ ಉಪ್ಪು ಇಳಿಯುತ್ತಿತ್ತಂತೆ. ಆಮೇಲೆ ಹೊಗೆಸೊಪ್ಪಿನ ಗೋಡೌನ್ ಆಗಿ, ಕೊನೆಗೆ ನನ್ನ ಪಾಲಿಗೆ ಬಂತು. ಬಾಗಿಲ ಬಲಗಡೆ, ಒಬ್ಬ ಮನುಷ್ಯ ಒರಗಿ ಕೂತಷ್ಟು ಜಾಗದಲ್ಲಿ, ಗೋಡೆ ಸದಾ ಒದ್ದೆ. ಬೆಳ್ಳಗೆ ಉಪ್ಪು ಉಕ್ಕುತ್ತಿತ್ತು. ಎಷ್ಟು ಗಾರೆ ಮೆತ್ತಿಸಿದರೂ ಅಷ್ಟೇ. ಮಂಡಿಯ ಇಟ್ಟಿಗೆ, ಉಪ್ಪು ಕುಡಿದಿದೆ, ಇನ್ನೇನು ಅಂದುಕೊಂಡಿದ್ದೆ.

ಹಿಂದಿನ ಕೋಣೆಯಲ್ಲಿ ಕಟ್ಟಡದ ಒಡತಿ ಚಿಕ್ಕತಾಯಮ್ಮಜ್ಜಿ ಇದ್ದರು. ಹಾಸಿಗೆ ಹಿಡಿದ ಮೇಲೆ ಒಮ್ಮೆ ನನ್ನನ್ನು ಕರೆದು ಹೇಳಿದರು. ಅವರ ಹರೆಯದಲ್ಲಿ, ಕಾಡಂಚಿನ ಹಾಡಿಯವನೊಬ್ಬ ಮುಸ್ಸಂಜೆ ಬಂದು, ಮಗುವಿಗೆ ಶಾಖ ಕೊಡಲು ಬೊಗಸೆ ಉಪ್ಪು ಕೇಳಿದ್ದ. ದೀಪ ಹಚ್ಚಿದ ಮೇಲೆ ಉಪ್ಪು ಕೊಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆಂದು ಅಜ್ಜಿ, ಬೆಳಿಗ್ಗೆ ಬಾ ಅಂದಿದ್ದರು. ಅವನು ಆ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದ. ಮಗು ಉಳಿಯಲಿಲ್ಲವೆಂದು ಆಮೇಲೆ ತಿಳಿಯಿತು.

"ದಿನಾ ಸಂಜೆ ಬಾಗ್ಲಲ್ಲೇ ಉಪ್ಪಿನ ಗಡಿಗೆ ಇಟ್ಕಂಡು ಕೂತಿರ್ತಿದ್ದೆ ಕಣಪ್ಪ. ಅವ್ನು ಬರ್ನೇ ಇಲ್ಲ. ಇನ್ಮುಂದೆ ನೀನು ನೋಡ್ಕೊ. ಕೇಳ್ದೋರ್ಗೆ ಇಲ್ಲ ಅನ್ಬ್ಯಾಡ."

"ಆಯ್ತು ಬುಡಜ್ಜಿ," ಅಂದು ಒಳಗೊಳಗೇ ನಕ್ಕೆ. ಗಡಿಗೆಯನ್ನು ಬಾಗಿಲ ಸಂದಿಯಲ್ಲಿಟ್ಟೆ.

ಒಂದು ಸಂಜೆ ದೇವರ ಪಟಕ್ಕೆ ದೀಪ ಹಚ್ಚುತ್ತಿದ್ದೆ. ಬೆನ್ನ ಹಿಂದೆ, ಬಾಗಿಲಲ್ಲಿ, ಒಂದು ದನಿ. "ಒಂದು ಬೊಗ್ಸೆ ಉಪ್ಪು ಕೊಡಿ ಸಾಮಿ."

ಬತ್ತಿ ಸರಿಮಾಡುತ್ತಲೇ, "ದೀಪ ಅಚ್ಚಾಯ್ತು ಕಣಯ್ಯ, ಬೆಳಿಗ್ಗೆ ಬಾ," ಅಂದುಬಿಟ್ಟೆ. ದೇವರಾಣೆಗೂ ಬೇಕೆಂದು ಅಂದದ್ದಲ್ಲ. ನಮ್ಮವ್ವ ದಿನಾ ಅನ್ನುತ್ತಿದ್ದ ಮಾತು, ತಾನಾಗಿ ಬಾಯಿಗೆ ಬಂತು. ಮರುಗಳಿಗೆ ಅಜ್ಜಿಯ ಮಾತು ನೆನಪಾಯಿತು. ಗಡಿಗೆ ಎತ್ತಿಕೊಂಡು ಹೊರಗೆ ಓಡಿದೆ. ಬೀದಿಯ ಉದ್ದಕ್ಕೂ ಯಾರೂ ಇರಲಿಲ್ಲ. ಗೋಡೆಯ ಆ ಜಾಗ ಮುಟ್ಟಿ ನೋಡಿದೆ. ಈಗಷ್ಟೇ ಯಾರೋ ಎದ್ದುಹೋದ ಹಾಗೆ ಬೆಚ್ಚಗಿತ್ತು.

ಒಳಗಿನಿಂದ ಅಜ್ಜಿ ಕೇಳಿದರು. "ಬಂದ್ನಾ? ಕೊಟ್ಯಾ?"

"ಕೊಟ್ಟೆ ಅಜ್ಜಿ."

"ಬದುಕ್ದೆ ಕಣ ಮಗ," ಅಂದರು. ಆ ವಾರವೇ ತೀರಿಕೊಂಡರು, ನೆಮ್ಮದಿಯಾಗಿ.

ಅಜ್ಜಿ ಹೋದ ಮೇಲೆ ಆ ಗೋಡೆ ಒಣಗಿತು. ಆ ಮಳೆಗಾಲದಲ್ಲೂ ಒದ್ದೆಯಾಗಲಿಲ್ಲ.

ಮುಂದೆ ನಾನು ಪಿರಿಯಾಪಟ್ಟಣದ ಹತ್ತಿರ ಹೊಸ ಇಟ್ಟಿಗೆಯಲ್ಲಿ ಮನೆ ಕಟ್ಟಿಸಿದೆ. ಆ ಜಾಗದಲ್ಲಿ ಎಂದೂ ಯಾರೂ ಉಪ್ಪು ಮಾರಿದವರಿಲ್ಲ. ಬಾಗಿಲ ಬಲಗಡೆ, ಒಬ್ಬ ಮನುಷ್ಯ ಒರಗಿ ಕೂತಷ್ಟು ಜಾಗ, ಮೊದಲ ವರ್ಷದಿಂದಲೇ ಬೆಳ್ಳಗೆ ಉಕ್ಕುತ್ತಿದೆ. ಮೇಸ್ತ್ರಿ ಏನೇನೋ ಕಾರಣ ಹೇಳುತ್ತಾನೆ, ನಾನು ಹೂಂಗುಟ್ಟುತ್ತೇನೆ. ಸಂಜೆಯಾದರೆ ಗಡಿಗೆ ಇಟ್ಟುಕೊಂಡು ಬಾಗಿಲಲ್ಲಿ ಕೂರುತ್ತೇನೆ. ದೀಪ ಹಚ್ಚಿದ ಮೇಲೆ ಉಪ್ಪು ಹೊರಗಿಡಬೇಡಿ ಅಂತ ಹೆಂಡತಿ ಬೈಯುತ್ತಾಳೆ. ಇಲ್ಲಿಯವರೆಗೆ ಯಾರೂ ಕೇಳಲು ಬಂದಿಲ್ಲ.