ತುಕ್ಕಿಗೆ ಬಿಟ್ಟುಕೊಡದ ಸೂರಪ್ಪ ಮೇಷ್ಟ್ರು

ಸೂರಪ್ಪ ಮೇಷ್ಟ್ರ ಎಡಹೆಗಲ ಮೇಲೆ ಸದಾ ಒಂದು ಎಣ್ಣೆಬಟ್ಟೆ ಇರುತ್ತಿತ್ತು. ಉಳಿದವರ ಹೆಗಲಿಗೆ ಶಲ್ಯ ಹೇಗೋ ಅವರ ಹೆಗಲಿಗೆ ಅದು. ಕಬ್ಬಿಣವೆಂಬುದು ಕಣ್ಣಿಗೆ ಬಿದ್ದರೆ ಸಾಕು, ಕೈ ತಾನಾಗಿ ಹೆಗಲಿಗೆ ಹೋಗುತ್ತಿತ್ತು. ಶಾಲೆಯ ಗಂಟೆ, ಬಾವಿಯ ರಾಟೆ, ನನ್ನ ಛತ್ರಿಯ ಕಡ್ಡಿ, ಯಾವುದೂ ಅವರಿಂದ ತಪ್ಪಿಸಿಕೊಂಡಿರಲಿಲ್ಲ. ಒಮ್ಮೆ ಕೊಪ್ಪದಿಂದ ಶೃಂಗೇರಿಗೆ ಹೋಗುವ ಬಸ್ಸಿನಲ್ಲಿ ಅವರು ಕಿಟಕಿಯ ಸರಳನ್ನು ಒರೆಸತೊಡಗಿದರು.

“ಮೇಷ್ಟ್ರೇ, ಆಚೆ ಕಡೇದೂ ಒರ್ಸಿಬಿಡಿ, ನಿಮಗೆ ಟಿಕೇಟ್ ಬೇಡ” ಎಂದ ಕಂಡಕ್ಟರು.

ಬಸ್ಸೆಲ್ಲ ನಕ್ಕಿತು, ಮೇಷ್ಟ್ರು ನಗಲಿಲ್ಲ. “ನಿನ್ನ ಓನರಿಗೆ ಹೇಳು ಮಾರಾಯ, ಒಳಗಿಂದ ತಿಂತಾ ಬಂದಿದೆ ಇದು” ಎಂದವರೇ, ಗಂಭೀರವಾಗಿ ಎದ್ದು ಆಚೆ ಬದಿಗೂ ಹೋದರು.

ಒಂದೇ ಪ್ರೌಢಶಾಲೆಯಲ್ಲಿ ನಾನು ಸಂಸ್ಕೃತ ಕಲಿಸುತ್ತಿದ್ದೆ, ಅವರು ಮರಗೆಲಸ. ನಮ್ಮ ತರಗತಿಗಳ ನಡುವೆ ಒಂದೇ ಗೋಡೆ. ನಾನು ಮಕ್ಕಳಿಂದ ವಿಭಕ್ತಿಗಳನ್ನು ಹೇಳಿಸುತ್ತಿದ್ದರೆ ಆಚೆಯಿಂದ ಹತ್ತರಿಯ ಸದ್ದು ಕೇಳುತ್ತಿತ್ತು. ಹಲಗೆಯ ಮೇಲೆ ದೂಡಿ ಮರವನ್ನು ನುಣುಪುಗೊಳಿಸುವ ಆ ಹತ್ತರಿಗಳೇ ಮೇಷ್ಟ್ರ ಸರ್ವಸ್ವ. ಕಬ್ಬಿಣದ ಮೈ, ಮರದ ಹಿಡಿಕೆ. ಗಿಡ್ಡನೆಯವು, ನಡುವಿನವು, ಎಲ್ಲಕ್ಕೂ ಹಿರಿಯದಾಗಿ ಒಂದು ಉದ್ದನೆಯದು. ಈ ಉದ್ದನೆಯದನ್ನು ಶಾಲೆಗೆಂದು ಅವರೇ ಶಿವಮೊಗ್ಗಕ್ಕೆ ಹೋಗಿ ಆರಿಸಿ ತಂದಿದ್ದರು. ಕೆಲಸ ಮುಗಿದ ಮೇಲೆ ಯಾವ ಹತ್ತರಿಯನ್ನೂ ತಳ ಊರಿ ಇಡುವಂತಿಲ್ಲ, ಪಕ್ಕಕ್ಕೆ ಮಲಗಿಸಬೇಕು. ಅಲಗನ್ನು ಬಿಚ್ಚಿ ಒರೆಸಿ, ತಳಕ್ಕೆ ಜೇನುಮೇಣ ಸವರಿ ಬೀರುವಿನಲ್ಲಿ ಇಡಬೇಕು. ಗಾಳಿಯ ತೇವವನ್ನು ಹೀರಲೆಂದು ಬೀರುವಿನ ಮೂಲೆಯಲ್ಲಿ ಸುಟ್ಟ ಸುಣ್ಣದ ಹರಳುಗಳ ಮಡಕೆ. ನಮ್ಮ ಸೀಮೆಯಲ್ಲಿ ಒರೆಸಿಟ್ಟ ಕತ್ತಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ಇಂತಹ ಕಡೆ ಕಬ್ಬಿಣವನ್ನು ನೆಚ್ಚಿದವನಿಗೆ ನೆಮ್ಮದಿ ಎಲ್ಲಿಯದು? ಮೇಷ್ಟ್ರು ಕುಳಿತು ಊಟ ಮಾಡಿದ್ದನ್ನೇ ನಾನು ಕಂಡದ್ದು ಕಡಿಮೆ.

ಆಯುಧಪೂಜೆಯ ದಿನ ನಮ್ಮಿಬ್ಬರಿಗೂ ಜಗಳ ತಪ್ಪಿದ್ದಲ್ಲ. ಶಾಲೆಯ ಪೂಜೆ ನನ್ನದು. ನಾನು ಗಂಧ ತೇಯ್ದುಕೊಂಡು ಅವರ ಕೋಣೆಗೆ ಬಂದರೆ ಬೀರುವಿಗೆ ಅಡ್ಡ ನಿಲ್ಲುತ್ತಿದ್ದರು.

“ನೀರು ಮುಟ್ಟಿಸ್ಬೇಡಿ ಶಾಸ್ತ್ರಿಗಳೇ. ಹೂ ಇಟ್ಟಲ್ಲೆಲ್ಲ ನಾಳೆ ಹೂವಿನಷ್ಟೇ ಕಲೆ ಇರ್ತದೆ.”

“ಗಂಧ ಪುಷ್ಪಗಳಿಲ್ಲದೆ ಪೂಜೆಯಾಗುವುದು ಹೇಗೆ, ಮೇಷ್ಟ್ರೇ?”

“ದೇವಿ ತಳದಲ್ಲೇ ಕೂರ್ಬೇಕಾ? ಹಿಡಿಕೆ ಮರದ್ದಲ್ವಾ, ಅಲ್ಲಿ ಕೂರ್ಲಿ. ಬೇಕಾದಷ್ಟು ಗಂಧ ಬಳೀರಿ ಅದಕ್ಕೆ.”

ಕೊನೆಗೆ ಹಾಗೆಯೇ ಆಯಿತು. ಹಿಡಿಕೆಗೆ ಗಂಧ ಕುಂಕುಮ, ಕಬ್ಬಿಣಕ್ಕೆ ಒಣ ಅಕ್ಷತೆ. ಶಾಸ್ತ್ರದಲ್ಲಿ ಇದಕ್ಕೆ ಆಧಾರ ಹುಡುಕಲು ಹೋಗಿ ಸೋತ ಮೇಲೆ, ಆ ತಾಯಿ ಮೇಷ್ಟ್ರ ಆತಂಕವನ್ನೂ ಉಪಚಾರವೆಂದೇ ಸ್ವೀಕರಿಸುತ್ತಾಳೆಂದು ನಾನು ಸಮಾಧಾನ ತಂದುಕೊಂಡೆ.

ಇಬ್ಬರೂ ನಿವೃತ್ತರಾದೆವು. ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳವು. ಅವರ ಜಾಗಕ್ಕೆ ಮತ್ತೊಬ್ಬರು ಬರಲಿಲ್ಲ. ಮರಗೆಲಸದ ಕೋಣೆಗೆ ಬೀಗ ಬಿತ್ತು. ಹೆಡ್‌ಮಾಸ್ಟರು ನಮ್ಮಿಬ್ಬರಿಗೂ ಶಿಷ್ಯರಾಗಿದ್ದವರೇ ಆದ್ದರಿಂದ ಒಂದು ಬೀಗದಕೈಯನ್ನು ಮೇಷ್ಟ್ರ ಬಳಿಯೇ ಬಿಟ್ಟಿದ್ದರು. ಹಿರೇಕೊಡಿಗೆಯ ತಮ್ಮ ಮನೆಯಿಂದ ಬಂದು ಒರೆಸಿ ಹೋಗುವುದು ಅವರ ವ್ರತವಾಯಿತು. ಆದರೆ ಒರೆಸಿದಷ್ಟೂ ಅವರ ತಳಮಳ ಹೆಚ್ಚಿತು. ತೋಳಿನಲ್ಲಿ ಕಸುವು ಉಳಿದಿರುವಾಗ ಆ ಹತ್ತರಿಗಳನ್ನು ಹಿಡಿದು ಮತ್ತೆ ಕೆಲಸ ಮಾಡಬೇಕೆಂಬ ಹಂಬಲ ಅವರಿಗೆ.

“ಕೊಡಕ್ಕೆ ಬರಲ್ಲ ಸಾರ್, ಸರ್ಕಾರದ ಸೊತ್ತು” ಎಂದರು ಹೆಡ್‌ಮಾಸ್ಟರು. “ಕೆಟ್ಟುಹೋದ ಸಾಮಾನು ಮಾತ್ರ ಹರಾಜಾಗೋದು. ನೀವು ಒಂದು ಮಳೆಗಾಲ ಈ ಕಡೆ ಬರ್ಬೇಡಿ. ಆಫೀಸರು ಬಂದು ತುಕ್ಕು ನೋಡಿ ಬರ್ಕೊಂಡು ಹೋಗ್ಲಿ. ಹರಾಜಲ್ಲಿ ನೀವೇ ತಗೊಂಡು, ಹೆಂಗೆ ಬೇಕೋ ಹಂಗೆ ತಿಕ್ಕಿ.”

ಮಾತು ಸರಿಯಾಗಿತ್ತು. ಮೇಲಿನ ಕೆಂಪು ತುಕ್ಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಉಪ್ಪುಕಾಗದದಿಂದ ಉಜ್ಜಿ ತೆಗೆಯಬಹುದೆಂದು ಮೇಷ್ಟ್ರೇ ಎಷ್ಟೋ ಸಲ ಹೇಳಿದ್ದರು. ಗುಳಿ ಬೀಳುವ ತನಕ ಬಿಡಬಾರದು, ಅಷ್ಟೇ. ಅವರು ಮೆಣಸೆಯ ನಮ್ಮ ಮನೆಗೆ ಬಂದು ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟರು.

“ನಾ ಕೇಳಿದ್ರೂ ಕೊಡ್ಬೇಡಿ, ಮಾರಾಯ್ರೆ.”

ನಾನು ಅದನ್ನು ದೇವರ ಮಂಟಪದ ಮಗ್ಗುಲಲ್ಲಿ ಇಟ್ಟೆ. ಜೂನ್ ಕಳೆಯುವುದರೊಳಗೆ ಅವರು ಬಂದರು. ಜಗುಲಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದರು, ಕಾಫಿ ತಣಿಯಿತು.

“ಇಲ್ಲಿ ಗಾಳಿ ಇಷ್ಟು ತೇವ ಇದ್ರೆ, ಅಲ್ಲಿ ಹೆಂಗಿರ್ಬಹುದು ಹೇಳಿ.”

“ಹಾಗಿರಲೆಂದೇ ಅಲ್ಲವೆ ಬಿಟ್ಟದ್ದು?”

“ಹೌದಪ್ಪ, ಹೌದು.” ಮತ್ತೊಂದು ಸುತ್ತು ನಡೆದು, “ಆ ಬೀಗದಕೈನಾದ್ರೂ ತನ್ನಿ. ನೀವು ಅದನ್ನ ಅಭಿಷೇಕದ ನೀರಿನ ಹತ್ರ ಇಟ್ಟಿರ್ತೀರಿ. ಒರ್ಸಿ ಕೊಡ್ತೀನಿ” ಎಂದರು.

ಒರೆಸಿ ಕೊಟ್ಟೂ ಬಿಟ್ಟರು. ಮತ್ತೆ ಮತ್ತೆ ಬಂದರು. ಮುಖ ಇಳಿದಿತ್ತು, ಕಣ್ಣು ಒಳಕ್ಕೆ ಹೋಗಿತ್ತು. ಹಾಸಿಗೆ ಹಿಡಿದ ಸ್ವಂತದವರನ್ನು ನೋಡಲು ಬಿಡದಿದ್ದರೆ ಮನುಷ್ಯ ಹೇಗಾಗುತ್ತಾನೋ ಹಾಗೆ. ಶ್ರಾವಣದ ಒಂದು ಬೆಳಗ್ಗೆ, “ಬರೀ ನೋಡಿ ಬರ್ತೀನಿ, ಮುಟ್ಟಲ್ಲ” ಎಂದು ಕೈ ಚಾಚಿದಾಗ ನಾನು ಇಲ್ಲವೆನ್ನಲಾರದೆ ಹೋದೆ.

ಸಂಜೆಯ ಬಸ್ಸಿಗೆ ಹಿಂದಿರುಗಿದರು. ಬೆರಳುಗಳೆಲ್ಲ ಕಪ್ಪು.

“ಮುಟ್ಟಿದಿರೋ?”

“ಉದ್ದಂದನ್ನ ಮಾತ್ರ ಅಂತ ಹಿಡ್ದೆ. ಅದೊಂದು ಚೊಕ್ಕ ಆದ್ಮೇಲೆ ಉಳ್ದವು ನನ್ನನ್ನೇ ನೋಡ್ತಿದ್ವು, ಮಾರಾಯ್ರೆ. ಎಂತ ಮಾಡದು?”

ಬೀಗದಕೈಯನ್ನು ನಾನು ಮತ್ತೆ ಕೇಳಲಿಲ್ಲ. ಮಳೆ ಮುಗಿದ ಮೇಲೆ ಆಫೀಸರು ಬಂದರು. ನಾವಿಬ್ಬರೂ ಬಾಗಿಲ ಬಳಿ ನಿಂತಿದ್ದೆವು. ಬೀರು ತೆರೆದ ಹೆಡ್‌ಮಾಸ್ಟರು ಒಂದು ಸಲ ಒಳಗೆ ನೋಡಿ, ಒಂದು ಸಲ ಮೇಷ್ಟ್ರನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು.

“ಇದನ್ನ ಕೆಟ್ಟಿದೆ ಅಂತ ಬರೆದ್ರೆ ನನ್ನ ಕೆಲ್ಸ ಹೋಗುತ್ತೆ ಕಣ್ರೀ” ಎಂದರು ಆಫೀಸರು. “ಹೊಸದೂ ಹಿಂಗಿರಲ್ಲ.”

ಹರಾಜಿನ ಆಸೆ ಅಲ್ಲಿಗೆ ಮುಗಿಯಿತು. ಮೇಷ್ಟ್ರು ಕುಸಿಯುತ್ತಾರೆಂದು ನಾನು ಅವರ ತೋಳು ಹಿಡಿಯಲು ಹೋದರೆ, ಅವರು ಆಗಲೇ ಮುಂದೆ ಹೋಗಿದ್ದರು. “ಉದ್ದಂದರ ತಳ ನೋಡಿದ್ರಾ ಸಾರ್? ಬೆಳಕಿಗೆ ಹಿಡೀರಿ, ಹಿಂಗೆ” ಎನ್ನುತ್ತಿದ್ದರು.

ಆಫೀಸರು ಹೋದ ಮೇಲೆ ಹೆಡ್‌ಮಾಸ್ಟರು ಬೀರುವಿನ ಬಾಗಿಲು ಮುಚ್ಚಿದರು. ಆಮೇಲೆ ತಾವೇ ನಕ್ಕರು. “ಬಳಕೆಗೆ ಯೋಗ್ಯ ಅಂತ ಬರ್ದು ಹೋಗಿದಾರೆ. ಹಂಗಾದ್ರೆ ಬಳಸಿ ಸಾರ್. ಡೆಸ್ಕುಗಳ ಮೇಲೆ ಹುಡುಗ್ರು ಹೆಸರು ಕೆತ್ತಿ ಕೆತ್ತಿ ಬರೆಯಕ್ಕೆ ಜಾಗ ಇಲ್ಲ. ಬೇಸಗೆ ರಜೇಲಿ ಬನ್ನಿ. ಆದ್ರೆ ಹತ್ತರಿ ಗೇಟು ದಾಟಂಗಿಲ್ಲ.”

ಆ ಬೇಸಗೆಯಲ್ಲಿ ಅವರು ಡೆಸ್ಕುಗಳ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿ ನುಣುಪು ಮಾಡಿದರು. ಬಿಡುವಾದಾಗಲೆಲ್ಲ ನಾನೂ ಹೋಗಿ ಕುಳಿತುಕೊಳ್ಳುತ್ತಿದ್ದೆ. ಕಾಡುಹಲಸಿನ ಹಳದಿ ಸುರುಳಿಗಳು ಕಾಲಡಿಯಲ್ಲಿ ರಾಶಿ ಬೀಳುತ್ತಿದ್ದವು. ಕಡೆಯ ಹಲಗೆಯ ಹೊತ್ತಿಗೆ ಅವರ ಬಲಭುಜ ಸೋತಿತ್ತು. ಉದ್ದನೆಯ ಹತ್ತರಿ ನಡುವಿನಲ್ಲೇ ನಿಂತಿತು. ಎರಡನೆಯ ಸಲವೂ ಅಲ್ಲೇ ನಿಂತಿತು. ಮೇಷ್ಟ್ರು ಭುಜ ನೀವಿಕೊಂಡರು. ಬಳಿಕ ಒಂದು ಹಗ್ಗ ಹುಡುಕಿ, ಹತ್ತರಿಯ ಮುಂದಿನ ಗುಬುಟಿಗೆ ಕಟ್ಟಿ, ತುದಿಯನ್ನು ನನ್ನ ಕಡೆ ಚಾಚಿದರು.

“ದೊಡ್ಡ ಹತ್ತರಿ ಇಬ್ರೇ ಹಿಡಿಯೋದು. ನಾ ದೂಡ್ತೀನಿ, ನೀವು ಎಳೀರಿ.”

ಎಳೆದೆ.

“ಮೊಂಡು ಹೋರಿ ಎಳ್ದಂಗಲ್ಲ ಶಾಸ್ತ್ರಿಗಳೇ! ಸಣ್ಣ ಕೂಸಿನ ಕೈ ಹಿಡ್ಕೊಂಡು ಬಂದಂಗೆ ಬನ್ನಿ.”

ಮತ್ತೆ ಎಳೆದೆ. ಹತ್ತರಿ ತುದಿಯವರೆಗೆ ಬಂತು. ಹಲಗೆಯಷ್ಟೇ ಉದ್ದದ ಒಂದು ಸುರುಳಿ ಅದರ ಬೆನ್ನ ಮೇಲಿಂದ ಇಳಿದು ನೆಲಕ್ಕೆ ಬಿತ್ತು. ಮೇಷ್ಟ್ರು ಏದುಸಿರು ಬಿಡುತ್ತ ಬೆಂಚಿನ ಮೇಲೆ ಕುಳಿತರು. ಬೀಗದಕೈಯನ್ನು ಆ ದಿನವೇ ಹೆಡ್‌ಮಾಸ್ಟರಿಗೆ ಒಪ್ಪಿಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಮಳೆ ಹಿಡಿಯುವ ಮುನ್ನವೇ, ನರಸಿಂಹರಾಜಪುರದಲ್ಲಿದ್ದ ಮಗಳ ಮನೆಯಲ್ಲಿ ಅವರು ಶಿವೈಕ್ಯರಾದರು.

ಆ ವರ್ಷದ ಮೊದಲ ದೊಡ್ಡ ಮಳೆ ಬಿದ್ದ ಬೆಳಗ್ಗೆ ಜಪಕ್ಕೆ ಕುಳಿತ ನನಗೆ ಎಣಿಕೆ ತಪ್ಪಿತು. ಮೊದಲಿನಿಂದ ಹಿಡಿದೆ, ಮತ್ತೆ ತಪ್ಪಿತು. ದೇವರಲ್ಲಿ ಕ್ಷಮೆ ಬೇಡಿ ಎದ್ದೆ. ಹಳೆಯ ಪಂಚೆಯಿಂದ ಒಂದು ತುಂಡು ಹರಿದುಕೊಂಡು, ಹೊಲಿಗೆಯಂತ್ರಕ್ಕೆ ಬಿಡುವ ಎಣ್ಣೆಯನ್ನು ತೆಗೆದುಕೊಂಡು ಶಾಲೆಗೆ ಹೋದೆ. ಹೆಡ್‌ಮಾಸ್ಟರು ಬೀಗದಕೈ ಕೊಟ್ಟರು. ಉದ್ದನೆಯ ಹತ್ತರಿಯ ತಳದ ಅಂಚಿನಲ್ಲಿ ನಸುಗೆಂಪು ಗೆರೆಯೊಂದು ಮೂಡಿತ್ತು. ಒರೆಸಿದೆ. ಬಟ್ಟೆಗೆ ಕೆಂಪು ಬಂತು. ಇಷ್ಟು ಸಾಕೋ, ಇನ್ನೂ ಬೇಕೋ, ಹೇಳುವವರು ಆ ಕೋಣೆಯಲ್ಲಿ ಇರಲಿಲ್ಲ. ಇನ್ನೊಮ್ಮೆ ಒರೆಸಿದೆ.